ಮಾತು ಕೇಳುವವರು, ಲೆಕ್ಕ ಕೇಳುವವರು

ನಮ್ಮೂರ ಕೆರೆಯಲ್ಲಿ ನೀರಿದ್ದ ಕಾಲದ ಮಾತು. ನನಗಾಗ ಏಳೋ ಎಂಟೋ ವರ್ಷ. ಏರಿಯ ಕೆಳಗೆ ಉದ್ದಕ್ಕೂ ಭತ್ತದ ಗದ್ದೆ. ತೂಬಿನಿಂದ ಇಳಿದ ನೀರು ಯಾರ ಗದ್ದೆಗೆ, ಯಾವ ಹೊತ್ತಿಗೆ, ಎಷ್ಟು ಹೊತ್ತು ಹರಿಯಬೇಕು ಎಂದು ಹೇಳುತ್ತಿದ್ದವನು ನೀರಗಂಟಿ. ಹೆಗಲ ಮೇಲೊಂದು ಸನಿಕೆ, ಮೊಣಕಾಲವರೆಗೆ ಕೆಸರು, ತಲೆಗೊಂದು ಹಳೇ ಟವೆಲು. ಒಂದು ಬೆಳಿಗ್ಗೆ ಊರ ಗೌಡರು ಕಾಲುವೆಯ ಬದುವಿನ ಮೇಲೆ ನಿಂತು "ಯಾಕೋ ನೀರು ಕಟ್ಟಿದೀಯ?" ಅಂದರು. ರಾತ್ರಿ ಅವರ ಆಳು ಪಾಳಿ ತಪ್ಪಿಸಿ ಗದ್ದೆಯ ಬಾಯಿ ತೆಗೆದಿದ್ದ. ನೀರಗಂಟಿ ನಸುಕಿನಲ್ಲೇ ಬಂದು ಮಣ್ಣಿನ ಹೆಂಟೆ ಹಾಕಿ ಮುಚ್ಚಿದ್ದ. ಅವನು ತಲೆ ಎತ್ತದೆಯೇ "ನಿಮ್ಮ ಪಾಳಿ ನಾಡಿದ್ದು ಬುದ್ಧಿ" ಅಂದ. ಗೌಡರು ಒಂದು ಗಳಿಗೆ ನಿಂತರು, ಆಮೇಲೆ ಕೊಡೆ ಊರಿಕೊಂಡು ಮನೆಗೆ ಹೊರಟುಹೋದರು.

ಅದೇ ನೀರಗಂಟಿ ಅದೇ ಗೌಡರ ಜಗಲಿ ಹತ್ತುವಂತಿರಲಿಲ್ಲ. ಹಬ್ಬದ ದಿನ ಗುಡಿಯ ಹೊರಗೇ ನಿಂತು ತೀರ್ಥಕ್ಕೆ ಕೈಯೊಡ್ಡಬೇಕಿತ್ತು. ಹಳೇ ಮೈಸೂರು ಸೀಮೆಯ ಎಷ್ಟೋ ಊರುಗಳಲ್ಲಿ ನೀರಗಂಟಿಗಳು ದಲಿತರೇ. ಕೆರೆಯ ಕೆಳಗೆ ಹೇಳಿಕೊಳ್ಳುವಂಥ ಸ್ವಂತ ಗದ್ದೆ ಅವರಿಗಿರುತ್ತಿರಲಿಲ್ಲ. ಆದ್ದರಿಂದಲೇ ನೀರು ಹಂಚುವ ಕೆಲಸ ಅವರ ಪಾಲಿಗೆ ಬಂತು ಎಂದೂ ಹೇಳುತ್ತಾರೆ. ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುವ ಆಯವೇ ಅವರ ಸಂಬಳ. ಕೈಯಲ್ಲಿ ಕೋಲಿಲ್ಲ, ಬೆನ್ನ ಹಿಂದೆ ಪೊಲೀಸಿಲ್ಲ. ಹಾಗಿದ್ದ ಮೇಲೆ ಗೌಡರು ಯಾಕೆ ಹಿಂದಿರುಗಿ ಹೋದರು?

ಈ ಪ್ರಶ್ನೆ ಬಹಳ ವರ್ಷ ನನ್ನ ಬೆನ್ನು ಬಿಡಲಿಲ್ಲ. ಅಧಿಕಾರ ಅಂದರೇನು, ಅದರಲ್ಲಿ ಯಾವುದು ನ್ಯಾಯವಾದದ್ದು, ಯಾವುದು ಬರೀ ದರ್ಪ ಎಂದು ಕೇಳಿದವರು ನಮ್ಮಲ್ಲೂ ಹೊರಗೂ ಅನೇಕರಿದ್ದಾರೆ. ಅವರ ಉತ್ತರಗಳನ್ನೆಲ್ಲ ಒಂದು ಕಡೆ ತಂದು, ನಮ್ಮೂರ ತೂಬಿನ ಮುಂದೆ ಇಟ್ಟು ನೋಡುವ ಆಸೆ ಈ ಲೇಖನದ್ದು.

ಮೊದಲು ನಮ್ಮ ಮಾತಿನಿಂದಲೇ ಹೊರಡೋಣ. 'ಅಧಿಕಾರ' ಅನ್ನುವ ಪದ ಕನ್ನಡದಲ್ಲಿ ಎರಡು ಕಡೆ ದುಡಿಯುತ್ತದೆ. "ನಿನಗೇನು ಅಧಿಕಾರ ಇದೆ?" ಎಂದು ಕೇಳಿದರೆ ಅದು ಹಕ್ಕಿನ ಪ್ರಶ್ನೆ. "ಅಧಿಕಾರ ಕೈಲಿದೆ, ಆಡಿಸ್ತಾನೆ" ಎಂದರೆ ಬಲದ ಮಾತು. ಬಲವಿದ್ದು ಹಕ್ಕಿಲ್ಲದ್ದನ್ನು ಜನ ದೌಲತ್ತು, ದಬ್ಬಾಳಿಕೆ ಎನ್ನುತ್ತಾರೆ. ಹಕ್ಕಿದ್ದೂ ಬಲವಿಲ್ಲದವನನ್ನು ಹೆಸರಿಗೆ ಮಾತ್ರ ಯಜಮಾನ ಎಂದು ನಗುತ್ತಾರೆ. ಎರಡೂ ಕೂಡಿದ ಕಡೆ ಹೇಳುವುದು ಬೇರೆಯೇ: "ಅವರ ಮಾತು ನಡೆಯುತ್ತೆ." ಇದಕ್ಕಿಂತಲೂ ನನಗೆ ಕುತೂಹಲದ್ದು 'ಕೇಳು' ಅನ್ನುವ ಕ್ರಿಯಾಪದ. ಮಗು ಅಮ್ಮನ ಮಾತು ಕೇಳಬೇಕು. ಇಲ್ಲಿ ಕೇಳುವುದೆಂದರೆ ವಿಧೇಯತೆ. ಸಾಲ ಕೊಟ್ಟವನು ಲೆಕ್ಕ ಕೇಳುತ್ತಾನೆ. ಇಲ್ಲಿ ಅದು ಪ್ರಶ್ನೆ, ಹಕ್ಕೊತ್ತಾಯ. ತಗ್ಗುವುದಕ್ಕೂ ತಡೆದು ನಿಲ್ಲಿಸುವುದಕ್ಕೂ ನಮಗಿರುವುದು ಒಂದೇ ಪದ. ಅರಾಜಕವಾದ ಮನೆಯನ್ನೋ ಕಚೇರಿಯನ್ನೋ ನೋಡಿ "ಹೇಳೋರಿಲ್ಲ ಕೇಳೋರಿಲ್ಲ" ಎನ್ನುವಾಗ ಈ ಎರಡು ಅರ್ಥದಲ್ಲಿ ಯಾವುದು ನಮ್ಮ ಮನಸ್ಸಿನಲ್ಲಿರುತ್ತದೆ? ಬಹುಶಃ ಎರಡೂ. ಮಾತು ಕೇಳುವವನೇ ಲೆಕ್ಕವನ್ನೂ ಕೇಳಬಲ್ಲವನಾಗಿರುವಲ್ಲಿ ಅಧಿಕಾರಕ್ಕೊಂದು ನ್ಯಾಯವಿರುತ್ತದೆ, ಇವು ಬೇರೆಯಾದಷ್ಟೂ ಅದು ದರ್ಪದ ಕಡೆ ಜಾರುತ್ತದೆ ಎಂಬುದು ನನ್ನ ಎಣಿಕೆ. ಎಷ್ಟು ದೂರ ನಿಲ್ಲುತ್ತದೆ, ನೋಡಬೇಕು.

ಈ ವಿಷಯ ಎತ್ತಿದವರೆಲ್ಲ ಮೊದಲು ಹೋಗುವುದು ಮ್ಯಾಕ್ಸ್ ವೇಬರ್ ಹತ್ತಿರ. 1919ರ ಜನವರಿಯಲ್ಲಿ, ಜರ್ಮನಿ ಯುದ್ಧ ಸೋತು ಚಕ್ರವರ್ತಿ ದೇಶ ಬಿಟ್ಟು ಓಡಿದ್ದ ಹೊತ್ತಿನಲ್ಲಿ, ಅವನು ಮ್ಯೂನಿಕ್‌ನ ವಿದ್ಯಾರ್ಥಿಗಳ ಮುಂದೆ ಒಂದು ಉಪನ್ಯಾಸ ಮಾಡಿದ. ಒಂದು ನೆಲದ ಮೇಲೆ ನ್ಯಾಯಬದ್ಧವಾಗಿ ಬಲ ಪ್ರಯೋಗಿಸುವ ಹಕ್ಕು ತನ್ನೊಬ್ಬನದೇ ಎಂದು ಸಾಧಿಸಿಕೊಳ್ಳುವ ಕೂಟವೇ ಪ್ರಭುತ್ವ ಎಂದ. ಜನ ತಲೆಬಾಗುವುದಕ್ಕೆ ಮೂರು ಆಧಾರ ಕೊಟ್ಟ: ತಲೆತಲಾಂತರದ ಸಂಪ್ರದಾಯ, ಒಬ್ಬ ವ್ಯಕ್ತಿಯ ಅಸಾಮಾನ್ಯ ವರ್ಚಸ್ಸು, ಬರೆದಿಟ್ಟ ಕಾನೂನು. ನಮ್ಮ ಗೌಡರು ಮೊದಲನೆಯದಕ್ಕೆ ಸಲ್ಲುತ್ತಾರೆ, ಗಾಂಧೀಜಿ ಎರಡನೆಯದಕ್ಕೆ, ತಹಶೀಲ್ದಾರರು ಮೂರನೆಯದಕ್ಕೆ. ಈ ಮೂರು ಗೂಡುಗಳಲ್ಲಿ ನೀರಗಂಟಿ ಮಾತ್ರ ಸರಿಯಾಗಿ ಕೂರುವುದಿಲ್ಲ. ಸಂಪ್ರದಾಯ ಅವನನ್ನು ತುಳಿದಿತ್ತು. ಕಾನೂನು ಅವನ ಹೆಸರನ್ನು ಯಾವುದೋ ದಫ್ತರದ ಮೂಲೆಯಲ್ಲಿ ಬರೆದಿತ್ತು, ಅಷ್ಟೆ. ವರ್ಚಸ್ಸಿನ ಮಾತು ಬಿಡಿ. ವೇಬರನ ಬಗ್ಗೆ ಇನ್ನೊಂದು ಹಳೆಯ ತಕರಾರಿದೆ, ಅದರಲ್ಲಿ ಹುರುಳಿದೆ. ಜನ ನಂಬಿದರೆ ಸಾಕು, ಅಧಿಕಾರ ನ್ಯಾಯಬದ್ಧ ಎಂದ ಹಾಗಾಯಿತಲ್ಲ? ಹಾಗಾದರೆ ಊರನ್ನೇ ನಂಬಿಸಿದ ಮೋಸಗಾರನದ್ದೂ ನ್ಯಾಯವಾದ ಅಧಿಕಾರವೇ? ವೇಬರ್ ತಲೆ ಕೆಡಿಸಿಕೊಂಡದ್ದು ಜನ ಯಾಕೆ ಬಾಗುತ್ತಾರೆ ಎಂಬುದಕ್ಕೆ. ಬಾಗಬೇಕೇ ಎಂಬುದನ್ನು ಅವನು ಬೇರೆಯವರಿಗೆ ಬಿಟ್ಟ.

ಈ 'ಬೇಕೇ' ಅನ್ನುವುದನ್ನು ನಮ್ಮ ನೆಲದಲ್ಲಿ ಬಹಳ ಹಿಂದೆಯೇ ಕೇಳಿದ್ದಾರೆ. ಬೌದ್ಧರ ಅಗ್ಗಞ್ಞ ಸುತ್ತದಲ್ಲಿ ರಾಜ ಹುಟ್ಟಿದ ಕಥೆಯಿದೆ. ಗದ್ದೆಗಳಿಗೆ ಗಡಿ ಬಿದ್ದವು, ಒಬ್ಬನ ಪಾಲನ್ನು ಇನ್ನೊಬ್ಬ ಕದ್ದ, ಜಗಳವಾಯಿತು. ಆಗ ಜನರೆಲ್ಲ ಸೇರಿ ಒಬ್ಬನನ್ನು ಆರಿಸಿ, ತಪ್ಪು ಮಾಡಿದವರನ್ನು ನೀನು ದಂಡಿಸು, ನಮ್ಮ ಭತ್ತದಲ್ಲಿ ನಿನಗೊಂದು ಪಾಲು ಕೊಡುತ್ತೇವೆ ಎಂದರು. ಅವನೇ ಮಹಾಸಮ್ಮತ, ಎಲ್ಲರೂ ಒಪ್ಪಿದವನು. ರಾಜನ ಕಂದಾಯವೆಂದರೆ ಕೂಲಿ ಎನ್ನುವ ಮಾತು ಇದು. ಕಣದಲ್ಲಿ ಆಯ ಅಳೆಸಿಕೊಳ್ಳುತ್ತಿದ್ದ ನಮ್ಮ ನೀರಗಂಟಿಗೂ ಮಹಾಸಮ್ಮತನಿಗೂ ನೆಂಟಸ್ತನ ಹತ್ತಿರದ್ದೇ! ಕೌಟಿಲ್ಯನದು ಬೇರೆ ಜಾಯಮಾನ. ದಂಡವಿಲ್ಲದಿದ್ದರೆ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುತ್ತದೆ ಎಂಬ ಮತ್ಸ್ಯನ್ಯಾಯ ಅವನ ನಿತ್ಯದ ಭಯ. ಆದರೂ ಕಠಿಣ ದಂಡಕ್ಕೆ ಜನ ಹೇಸುತ್ತಾರೆ, ಮೆತ್ತನೆಯ ದಂಡವನ್ನು ಜನ ಲೆಕ್ಕಕ್ಕಿಡುವುದಿಲ್ಲ, ತಕ್ಕ ದಂಡವನ್ನು ಮಾತ್ರ ಗೌರವಿಸುತ್ತಾರೆ ಎಂದು ಅವನೂ ಎಚ್ಚರಿಸಿದ್ದಾನೆ. ಬಲದ ಲೆಕ್ಕ ಹಾಕಲು ಕೂತವನಿಗೂ ಜನರ ಮನಸ್ಸನ್ನು ಲೆಕ್ಕದಿಂದ ಬಿಡಲಾಗಲಿಲ್ಲ.

ಬಿಡಲಾಗದ್ದಕ್ಕೆ ಕಾರಣ ಸರಳ. ಆಳುವವರು ಯಾವಾಗಲೂ ಕೆಲವರು, ಆಳಿಸಿಕೊಳ್ಳುವವರು ಅನೇಕರು. ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿನ ತರುಣ ಎತಿಯೆನ್ ದ ಲಾ ಬೊಯೆಸಿ ಇದನ್ನು ಕಂಡು ಬೆರಗಾಗಿ ಬರೆದ. 1741ರಲ್ಲಿ ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್ ಇದನ್ನೇ ತಣ್ಣಗೆ ಹೇಳಿದ: ಮೈಬಲ ಎಂದೂ ಪ್ರಜೆಗಳ ಕಡೆಗೇ ಇರುತ್ತದೆ, ದೊರೆಗಿರುವ ಆಸರೆ ಅವರ ಅಭಿಪ್ರಾಯವೊಂದೇ. 1909ರ 'ಹಿಂದ್ ಸ್ವರಾಜ್'ನಲ್ಲಿ ಗಾಂಧೀಜಿ ಇದನ್ನು ನಮ್ಮ ಮುಖಕ್ಕೇ ಹಿಡಿದರು. ಇಂಗ್ಲಿಷರು ಹಿಂದೂಸ್ತಾನವನ್ನು ಗೆದ್ದುಕೊಂಡದ್ದಲ್ಲ, ನಾವೇ ಕೊಟ್ಟೆವು, ಕೊಟ್ಟದ್ದನ್ನು ಹಿಂದೆಗೆದುಕೊಳ್ಳಲೂ ಬಹುದು ಎನ್ನುವುದು ಅದರ ತಿರುಳು. ಪುಸ್ತಕದಲ್ಲಿ ಓದುವಾಗ ಇದು ತೀರ ಸಲೀಸು. ಕೊಟ್ಟದ್ದನ್ನು ಜನ ನಿಜವಾಗಿ ಹಿಂದೆಗೆದುಕೊಂಡರೆ ಏನಾಗುತ್ತದೆ ಎನ್ನುವುದಕ್ಕೆ ಇಂಗ್ಲೆಂಡು ಫ್ರಾನ್ಸಿಗೆ ಹೋಗಬೇಕಾಗಿಲ್ಲ, ಮಲೆನಾಡಿನ ನಗರ ಸೀಮೆಗೆ ಹೋದರೆ ಸಾಕು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯವರು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನಲ್ಲಿ ಪಟ್ಟಕ್ಕೆ ಕೂರಿಸಿದರು. ವಂಶ ಹಳೆಯದು, ಪಟ್ಟ ಹೊಸದು, ಕಾವಲಿಗೆ ಕಂಪನಿಯ ಸೈನ್ಯ. ಅದಕ್ಕೆ ವರ್ಷಕ್ಕೆ ಏಳು ಲಕ್ಷ ವರಹ ಪೊಗದಿ. ಪೂರ್ಣಯ್ಯನವರ ದಿವಾನಗಿರಿ 1811ಕ್ಕೆ ಮುಗಿಯಿತು. ಮುಂದೆ ಕಂದಾಯ ವಸೂಲಿಗೆ 'ಷರತ್ತು' ಪದ್ಧತಿ ಬಲಿಯಿತು. ಇಷ್ಟು ವಸೂಲಿ ಮಾಡಿಕೊಡುತ್ತೇನೆ ಎಂದು ಅಮಲ್ದಾರ ಮೊದಲೇ ಬರೆದುಕೊಡಬೇಕು; ಕಡಿಮೆಯಾದರೆ ಸ್ವಂತ ಕೈಯಿಂದ ತುಂಬಬೇಕು, ಹೆಚ್ಚಾದರೆ ಅದೂ ಬೊಕ್ಕಸಕ್ಕೆ. ಹೀಗೆ ಬರೆದುಕೊಟ್ಟ ಮನುಷ್ಯ ರೈತನ ಮನೆ ಬಾಗಿಲಿಗೆ ಬಂದಾಗ ಅವನ ಕೈ ಎಷ್ಟು ಮೆತ್ತಗಿದ್ದೀತು, ಊಹಿಸಿಕೊಳ್ಳಿ. ಕೊನೆಗೆ 1830ರಲ್ಲಿ ನಗರದ ರೈತರು ಹಳ್ಳಿ ಬಿಟ್ಟು ಬಯಲಲ್ಲಿ ಸೇರತೊಡಗಿದರು. ಇದಕ್ಕೆ ಅವರಿಟ್ಟ ಹೆಸರು 'ಕೂಟ'. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಓಲೆ ಹೋಯಿತು. ನಮ್ಮ ದೂರು ಕೇಳುವವರೆಗೆ ಕಂದಾಯ ಕೊಡುವುದಿಲ್ಲ ಎಂದರು. ಘಟ್ಟದ ಕೆಳಗೆ ಕನ್ನಡ ಜಿಲ್ಲೆಯಲ್ಲೂ, ಅಲ್ಲಿ ನೇರ ಕಂಪನಿಯದೇ ಆಳ್ವಿಕೆಯಿದ್ದರೂ, ಅದೇ ಹೊತ್ತಿಗೆ ಕೂಟಗಳಾದವು.

ನಗರದ ಪಟ್ಟಕ್ಕೆ ಹಕ್ಕುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪ ಬಂದದ್ದು, ತರೀಕೆರೆಯ ಪಾಳೆಯಗಾರ ಜೊತೆಗೂಡಿದ್ದು, ಕೈಗೆ ಆಯುಧ ಬಂದದ್ದು ಆಮೇಲೆ. ಇತಿಹಾಸದ ಪುಸ್ತಕಗಳಿಗೆ ಆ ಭಾಗವೇ ಇಷ್ಟ. 'ನಗರದ ದಂಗೆ' ಎಂದು ಬರೆದು ಕುದುರೆ ಕತ್ತಿಗಳ ಕಡೆ ಹೊರಳುತ್ತವೆ. ನನ್ನ ಕಣ್ಣಿಗೆ ಬೀಳುವುದು ಅದಕ್ಕೂ ಮುಂಚಿನ ಕೂಟ. ಅಲ್ಲಿ ರೈತರು ಕೋಟೆ ಮುತ್ತಿಲ್ಲ. ಒಂದು ಕಡೆ ಕೂತು, ಕೊಡುವುದನ್ನು ನಿಲ್ಲಿಸಿದ್ದಾರೆ. ಅಷ್ಟಕ್ಕೇ ಅಮಲ್ದಾರರ ಹುಕುಂ ಬರೀ ಕಾಗದವಾಗಿಬಿಟ್ಟಿತು. 1970ರಲ್ಲಿ ಹನ್ನಾ ಅರೆಂಟ್ ಹಿಂಸೆಯ ಬಗ್ಗೆ ಒಂದು ಪುಟ್ಟ ಪುಸ್ತಕ ಬರೆದು, ಅಧಿಕಾರ ಯಾವ ಒಬ್ಬನ ಸೊತ್ತೂ ಅಲ್ಲ, ಜನ ಕೂಡಿ ನಡೆದಾಗ ಹುಟ್ಟುತ್ತದೆ, ಚದುರಿದಾಗ ಸಾಯುತ್ತದೆ, ಬಂದೂಕು ಅದನ್ನು ಕೊಲ್ಲಬಲ್ಲದೇ ಹೊರತು ಹುಟ್ಟಿಸಲಾರದು ಎಂದು ವಾದಿಸಿದಳು. ನಗರದ ರೈತರು ಅವಳನ್ನು ಓದುವ ಅಗತ್ಯವಿರಲಿಲ್ಲ. ಇಡೀ ವಾದವೇ ಅವರ 'ಕೂಟ' ಅನ್ನುವ ಎರಡಕ್ಷರದಲ್ಲಿತ್ತು.

ಬಂದೂಕು ಕೊಲ್ಲಬಲ್ಲದು ಎನ್ನುವುದೂ ಅಲ್ಲೇ ಸಾಬೀತಾಯಿತು. ಕಂಪನಿಯ ಸೈನ್ಯ ಬಂದು ಬಂಡಾಯವನ್ನು ಹೊಸಕಿತು. 1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ಒಪ್ಪಂದದ ಒಂದು ಕಲಮನ್ನು ಮುಂದೆ ಮಾಡಿ, ಮೈಸೂರಿನ ಆಡಳಿತವನ್ನು ರಾಜರ ಕೈಯಿಂದ ತೆಗೆದುಕೊಂಡ. ಮುಂದಿನ ಐವತ್ತು ವರ್ಷ ಕಮಿಷನರ್‌ಗಳ ಕಾಲ. ಮಾರ್ಕ್ ಕಬ್ಬನ್ ಒಬ್ಬನೇ 1834ರಿಂದ 1861ರವರೆಗೆ ಕೂತಿದ್ದ. ಈ ಅರ್ಧ ಶತಮಾನ ನಮ್ಮ ಪ್ರಶ್ನೆಗೆ ಒಂದು ಪ್ರಯೋಗಶಾಲೆಯೇ ಸರಿ. ಖಜಾನೆ, ಸೈನ್ಯ, ದಫ್ತರ, ರಸ್ತೆ, ಎಲ್ಲವೂ ಬೆಂಗಳೂರಿನಲ್ಲಿ ಕಮಿಷನರ್ ಹತ್ತಿರ. ಮೈಸೂರಿನ ಅರಮನೆಯಲ್ಲಿ ಆಳಲು ಏನೂ ಉಳಿಯದ ರಾಜ. ಆದರೂ ದರ್ಬಾರು ನಡೆಯಿತು, ದಸರಾ ನಡೆಯಿತು, ವಿದ್ವಾಂಸರೂ ಸಂಗೀತಗಾರರೂ ಅಲ್ಲಿಗೇ ಬಂದರು. ಜನರ ಬಾಯಲ್ಲಿ 'ಮಹಾಸ್ವಾಮಿ' ಎನ್ನಿಸಿಕೊಂಡವರು ಅರಮನೆಯವರೇ, ಕಮಿಷನರ್ ಅಲ್ಲ. ರಾಜ್ಯ ವಾಪಸು ಕೊಡಿ ಎಂದು 1868ರಲ್ಲಿ ಕಣ್ಣು ಮುಚ್ಚುವವರೆಗೂ ಮುಮ್ಮಡಿಯವರು ಅರ್ಜಿಯ ಮೇಲೆ ಅರ್ಜಿ ಬರೆದರು. ಬಲ ಒಂದು ಊರಲ್ಲಿ, ಗೌರವ ಇನ್ನೊಂದೂರಲ್ಲಿ, ನಡುವೆ ಎಂಬತ್ತು-ತೊಂಬತ್ತು ಮೈಲಿ. ಇಷ್ಟು ಸ್ಪಷ್ಟವಾಗಿ ಇವೆರಡೂ ಬೇರೆ ಬೇರೆ ಮನೆ ಮಾಡಿದ್ದು ಚರಿತ್ರೆಯಲ್ಲಿ ಅಪರೂಪ.

ಇಲ್ಲೊಂದು ಇರಿಸುಮುರಿಸಿನ ಸಂಗತಿಯೂ ಇದೆ. ಯಾವ ರಾಜರ ಅಮಲ್ದಾರರ ವಿರುದ್ಧ ರೈತರು ಕೂಟ ಕಟ್ಟಿದರೋ ಅದೇ ರಾಜರ ಮೇಲೆ ಮುಂದೆ ನಾಡಿಗೆ ಮರುಕ, ಭಕ್ತಿ. ಗೌರವ ಸಿಕ್ಕಿದ ಮಾತ್ರಕ್ಕೆ ಆಡಳಿತ ನ್ಯಾಯವಾಗಿತ್ತೆಂದು ಹೇಳುವ ಹಾಗಿಲ್ಲ. ಲೆಕ್ಕ ಕೊಡುವ ಹೊರೆ ಕೆಳಗಿಟ್ಟ ಮೇಲೆ ಗೌರವ ಉಳಿಸಿಕೊಳ್ಳುವುದು ಸುಲಭ.

1881ರ ಮಾರ್ಚಿನಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂತು. ಅದೇ ವರ್ಷ ಅಕ್ಟೋಬರ್ 7ರಂದು, ದಸರೆಯ ಹೊತ್ತಿನಲ್ಲಿ, ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. 144 ಮಂದಿ ಬಂದರು; ಜಮೀನುದಾರರು, ವರ್ತಕರು. ದಿವಾನರು ಎದ್ದು ನಿಂತು ರಾಜ್ಯದ ಜಮಾಖರ್ಚು ಓದಿದರು. ಸದಸ್ಯರು ತಂತಮ್ಮ ತಾಲ್ಲೂಕಿನ ಕಷ್ಟಗಳನ್ನು ಹೇಳಿಕೊಂಡರು. ಠರಾವು ಮಾಡಿ ಸರ್ಕಾರವನ್ನು ಕಟ್ಟಿಹಾಕುವ ಹಕ್ಕು ಅವರಿಗಿರಲಿಲ್ಲ, ಸಭೆಗೆ ಶಾಸನದ ಬಲ ಬರಲು 1923ರವರೆಗೆ ಕಾಯಬೇಕಾಯಿತು. ಇದನ್ನು ಬರೀ ಅಲಂಕಾರ ಎಂದು ತಳ್ಳಿಹಾಕುವವರಿದ್ದಾರೆ. ನಾನು ಅಷ್ಟು ಬಿರುಸಾಗಿ ಹೇಳಲಾರೆ. ದೊರೆಯ ಮಂತ್ರಿ ರೈತರ ಮುಂದೆ ನಿಂತು ಲೆಕ್ಕ ಓದುವುದು ಆ ಕಾಲಕ್ಕೆ ಚಿಕ್ಕ ಸಂಗತಿಯಲ್ಲ. ಆದರೆ ನನ್ನ ಎಣಿಕೆಗೆ ಇಲ್ಲಿ ಮೊದಲ ಪೆಟ್ಟು ಬೀಳುತ್ತದೆ ಎಂಬುದನ್ನೂ ಒಪ್ಪಬೇಕು. ಕೇಳಲು ಬಿಟ್ಟರೆ ಸಾಲದು, ಉತ್ತರ ಕೊಡದೆ ಎದ್ದು ಹೋಗಲಾಗದಂತೆ ಕಟ್ಟು ಇರಬೇಕು. ಮೇಲಾಗಿ, ಕೇಳಲು ಯಾರನ್ನು ಕರೆದರು? ಆ 144 ಜನರಲ್ಲಿ ಯಾವ ನೀರಗಂಟಿಯೂ ಇದ್ದಿರಲಾರ.

ಕರೆಯದೆ ಬಿಟ್ಟವರ ಕಡೆಗೆ ವಿದ್ವಾಂಸರ ಕಣ್ಣು ತಡವಾಗಿ ಹೋಯಿತು. 1974ರಲ್ಲಿ ಸ್ಟೀವನ್ ಲ್ಯೂಕ್ಸ್ ಅಧಿಕಾರಕ್ಕೆ ಮೂರು ಮುಖ ಇವೆ ಎಂದ. ಜಗಳದಲ್ಲಿ ಗೆಲ್ಲುವುದು ಒಂದು. ಜಗಳದ ವಿಷಯ ಚಾವಡಿಗೇ ಬರದ ಹಾಗೆ ನೋಡಿಕೊಳ್ಳುವುದು ಇನ್ನೊಂದು. ಜಗಳವಾಡಬೇಕೆಂದು ಎದುರಿನವನಿಗೆ ಅನ್ನಿಸದ ಹಾಗೆಯೇ ಮಾಡುವುದು ಮೂರನೆಯದು, ಎಲ್ಲಕ್ಕಿಂತ ಆಳದ್ದು. ಇದೇ ಸುಮಾರಿಗೆ ಫ್ರಾನ್ಸಿನ ಮಿಶೆಲ್ ಫೂಕೊ, ಅಧಿಕಾರ ಸಿಂಹಾಸನದಲ್ಲಿ ಮಾತ್ರವಲ್ಲ, ಶಾಲೆಯ ಹಾಜರಿ ಪುಸ್ತಕದಲ್ಲೂ ಆಸ್ಪತ್ರೆಯ ಚೀಟಿಯಲ್ಲೂ ಕೂತಿರುತ್ತದೆ ಎಂದು ತೋರಿಸಿದ. ನಿಜವಿರಬಹುದು. ಎಲ್ಲ ಕಡೆಯೂ ಅದೇ ಇದ್ದರೆ ಲೆಕ್ಕ ಯಾರನ್ನು ಕೇಳಬೇಕು ಎಂಬುದಕ್ಕೆ ಅವನ ಹತ್ತಿರ ನನಗೆ ಉತ್ತರ ಸಿಕ್ಕಿಲ್ಲ. ಲ್ಯೂಕ್ಸನ ಮೂರನೆಯ ಮುಖವಾದರೋ ಕೈಯಲ್ಲಿ ಹಿಡಿದು ನೋಡಬಹುದಾದದ್ದು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಅದು ಒಂದು ಕೊಳಗದ ರೂಪದಲ್ಲಿತ್ತು.

ಕೊಳಗವೆಂದರೆ ಭತ್ತ ಅಳೆಯುವ ಪಾತ್ರೆ. ಗೇಣಿದಾರ ವರ್ಷವಿಡೀ ಗೇಯ್ದು ಒಡೆಯರ ಅಂಗಳಕ್ಕೆ ಗೇಣಿ ಭತ್ತ ತಂದು ಸುರಿಯುತ್ತಾನೆ. ಅಳೆಯುವ ಕೊಳಗ ಒಡೆಯರದ್ದು, ಅಳೆಯುವ ಆಳು ಒಡೆಯರವನು, ಎಣಿಸಿ ಹೇಳುವ ಬಾಯಿಯೂ ಅವರದ್ದೇ. ಆ ಕೊಳಗ ಸರ್ಕಾರದ ಅಳತೆಗಿಂತ ದೊಡ್ಡದು. ಪ್ರತಿ ಕೊಳಗಕ್ಕೆ ಒಂದಷ್ಟು ಹಿಡಿ ಹೆಚ್ಚು ಹೋದರೆ ನೂರಾರು ಕೊಳಗ ಅಳೆಯುವಷ್ಟರಲ್ಲಿ ಮನೆಯ ಎಷ್ಟು ತಿಂಗಳ ಗಂಜಿ ಹೋಗುತ್ತದೆ ಎಂದು ಲೆಕ್ಕ ಹಾಕಲು ಶಾಲೆಗೆ ಹೋಗಬೇಕಾಗಿಲ್ಲ. ಗೇಣಿದಾರರಿಗೆ, ಅವರಲ್ಲಿ ಹೆಚ್ಚಿನವರು ದೀವರು, ಇದು ಗೊತ್ತಿರಲಿಲ್ಲವೇ? ಖಂಡಿತ ಗೊತ್ತಿತ್ತು. ಆದರೆ ಒಡೆಯರ ಕೊಳಗ ದೊಡ್ಡದಾಗಿರುವುದು ಮಳೆಗಾಲದಲ್ಲಿ ಮಳೆ ಬೀಳುವಷ್ಟೇ ಸಹಜ ಎಂಬಂತೆ ತಲೆಮಾರುಗಳು ಸಾಗಿದ್ದವು. ಮೇಷ್ಟರಾಗಿದ್ದ ಎಚ್. ಗಣಪತಿಯಪ್ಪನವರು ಊರೂರು ಅಲೆದು ರೈತ ಸಂಘ ಕಟ್ಟಿದ್ದರಿಂದ ಆದ ದೊಡ್ಡ ಕೆಲಸವೆಂದರೆ, ಸಹಜವೆಂದು ಕಂಡಿದ್ದ ಆ ಪಾತ್ರೆ ಒಂದು ದಿನ ಪ್ರಶ್ನೆಯಾಗಿ ಕಂಡದ್ದು. ಸರ್ಕಾರದ ಮುದ್ರೆಯಿರುವ ಕೊಳಗದಲ್ಲಿ ಅಳೆಯಿರಿ, ಅಳೆದದ್ದಕ್ಕೆ ರಸೀತಿ ಕೊಡಿ. ಇಷ್ಟೇ ಕೇಳಿದ್ದು. ಜಮೀನು ಕೇಳಲಿಲ್ಲ, ಗೇಣಿ ಕೊಡೆವೆಂದೂ ಹೇಳಲಿಲ್ಲ.

ಇಷ್ಟಕ್ಕೇ ಒಡೆಯರು ಅವರನ್ನು ಗದ್ದೆಗಿಳಿಯದ ಹಾಗೆ ತಡೆದರು. 1951ರ ಏಪ್ರಿಲಿನಲ್ಲಿ ಗೇಣಿದಾರರು ನೇಗಿಲು ಹೊತ್ತು ತಾವು ಉಳುತ್ತಿದ್ದ ಗದ್ದೆಗಳಿಗೇ ಇಳಿದು ಬಂಧನಕ್ಕೊಳಗಾದರು. ಸಮಾಜವಾದಿಗಳು ಬೆನ್ನಿಗೆ ನಿಂತರು, ಶಾಂತವೇರಿ ಗೋಪಾಲಗೌಡರು ಮುಂದಾದರು, ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ತಾವೂ ಬಂಧನಕ್ಕೊಳಗಾದರು. ಕೊಳಗದ ಹಿಡಿಭತ್ತಕ್ಕೆ ಇಷ್ಟೆಲ್ಲ ಯಾಕೆ ಎಂದು ಒಡೆಯರ ಕಡೆಯವರಿಗೆ ಅನ್ನಿಸಿರಬಹುದು. ಅವರಿಗೂ ಒಳಗೊಳಗೆ ಗೊತ್ತಿತ್ತು, ಪೆಟ್ಟು ಬಿದ್ದದ್ದು ಭತ್ತಕ್ಕಲ್ಲ. ಇವತ್ತು ಅಳತೆ ಕೇಳಿದವನು ನಾಳೆ ಇನ್ನೇನು ಕೇಳುತ್ತಾನೋ! ಕೇಳಿಯೂ ಕೇಳಿದರು. ದೇವರಾಜ ಅರಸರ ಕಾಲದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ಕ್ಕೆ ಜಾರಿಗೆ ಬಂದು, ಉಳುವವನೇ ಹೊಲದೊಡೆಯ ಎನ್ನುವ ಘೋಷಣೆ ಫಾರಂ ನಂಬರ್ 7 ಎಂಬ ಕಾಗದವಾಗಿ ಹಳ್ಳಿಗಳಿಗೆ ಇಳಿಯಿತು. ಭೂ ನ್ಯಾಯಮಂಡಳಿಗಳ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ತನ್ನ ಗೇಣಿಯ ಕಥೆಯನ್ನು ಗೇಣಿದಾರ ತನ್ನ ಬಾಯಲ್ಲೇ, ಒಡೆಯರ ಎದುರಿನಲ್ಲೇ ಹೇಳಬೇಕಿತ್ತು. ಮಲೆನಾಡು ಕರಾವಳಿಗಳ ಎಷ್ಟೋ ಮನೆಗಳಲ್ಲಿ ಡಿಕ್ಲರೇಶನ್ ಕೊಟ್ಟ ದಿನದ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಅರ್ಜಿ ಕೊಡಲು ಹೆದರಿ, ಧಣಿಗಳಿಗೆ ಬೇಜಾರಾದೀತು ಎಂದು ಸುಮ್ಮನಿದ್ದು ಜಮೀನು ಕಳೆದುಕೊಂಡವರ ಕಥೆಗಳೂ ಕಡಿಮೆಯಿಲ್ಲ. ಕಾನೂನು ಬದಲಾದ ಮೇಲೂ ಎದೆಯೊಳಗಿನ ಒಡೆಯ ಅಷ್ಟು ಬೇಗ ಗೇಣಿ ಬಿಡುವುದಿಲ್ಲ.

ಈ ಎದೆಯೊಳಗಿನ ಒಡೆಯನನ್ನು ಅಮೆರಿಕದ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಪ್ರಯೋಗಕ್ಕೇ ಒಡ್ಡಿದ್ದ. 1961ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ, ನಿಲುವಂಗಿ ತೊಟ್ಟ ಪ್ರಯೋಗಕಾರ "ಮುಂದುವರಿಸಿ" ಎನ್ನುತ್ತಿದ್ದಂತೆ, ಸಾಮಾನ್ಯ ಜನ ಪಕ್ಕದ ಕೋಣೆಯವನಿಗೆ ವಿದ್ಯುತ್ ಆಘಾತ ಕೊಡುತ್ತ ಹೋದರು. ಆಘಾತ ಹುಸಿ, ಆದರೆ ಅವರಿಗದು ಗೊತ್ತಿರಲಿಲ್ಲ. ಹೆಸರುವಾಸಿಯಾದ ಸುತ್ತಿನಲ್ಲಿ 40 ಮಂದಿಯಲ್ಲಿ 26 ಜನ ಕೊನೆಯ 450 ವೋಲ್ಟಿನವರೆಗೂ ಹೋದರು. ಎಲ್ಲರೂ ಹೇಳುವುದು ಈ ಅಂಕಿಯನ್ನೇ. ಹೇಳದೆ ಬಿಡುವ ಇನ್ನೊಂದು ಸುತ್ತಿದೆ: ಅಲ್ಲಿ ಇಬ್ಬರು ಪ್ರಯೋಗಕಾರರು, ಒಬ್ಬ ಮುಂದುವರಿಸು ಅಂದ, ಇನ್ನೊಬ್ಬ ಸಾಕು ಅಂದ. ಆಗ ಯಾರೂ ಕೊನೆಯವರೆಗೆ ಹೋಗಲಿಲ್ಲ. ಮೇಲೆ ಕೂತವರಲ್ಲಿ ಒಬ್ಬನ ಬಾಯಿಂದ ಒಂದು 'ಬೇಡ' ಬಂದರೆ ಕೆಳಗಿದ್ದವರಿಗೆ ಅಷ್ಟು ಧೈರ್ಯ ಬರುತ್ತದೆ.

ಹಾಗಾದರೆ ಕಾನೂನಿನ ಮೇಲೆ ನಿಂತ ಅಧಿಕಾರ, ವೇಬರನ ಮೂರನೆಯದು, ಈ ತೊಂದರೆಗಳನ್ನೆಲ್ಲ ದಾಟಿದೆಯೇ? ನಮ್ಮ ರಾಜ್ಯದ್ದೇ ಒಂದು ಪ್ರಕರಣ ದೇಶಕ್ಕೆಲ್ಲ ಪಾಠವಾಯಿತು. 1989ರ ಏಪ್ರಿಲಿನಲ್ಲಿ, 19 ಶಾಸಕರು ಬೆಂಬಲ ಹಿಂತೆಗೆದಿದ್ದಾರೆಂಬ ಪತ್ರಗಳನ್ನು ಹಿಡಿದು ರಾಜ್ಯಪಾಲರು ದೆಹಲಿಗೆ ವರದಿ ಬರೆದರು. ಮರುದಿನವೇ ಅವರಲ್ಲಿ ಏಳು ಜನ, ನಮ್ಮ ಸಹಿ ತಪ್ಪು ತಿಳಿವಳಿಕೆಯಿಂದ ಪಡೆದದ್ದು ಎಂದರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಬಹುಮತವನ್ನು ಸದನದಲ್ಲೇ ತೋರಿಸುತ್ತೇನೆ ಎಂದು ಕೇಳಿಕೊಂಡರು. ಸದನ ಸೇರಲು ಬಿಡಲಿಲ್ಲ. 21ರಂದು ಸರ್ಕಾರ ವಜಾ. ಕಾಗದದ ಮೇಲೆ ಎಲ್ಲವೂ ಸಂವಿಧಾನದ 356ನೇ ವಿಧಿಯ ಪ್ರಕಾರವೇ ನಡೆಯಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟು, ಬಹುಮತವನ್ನು ಅಳೆಯುವ ಜಾಗ ರಾಜಭವನವಲ್ಲ, ಸದನ ಎಂದಿತು. ಅಷ್ಟು ಹೊತ್ತಿಗೆ ಚುನಾವಣೆಯಾಗಿ ಬೇರೆ ಸರ್ಕಾರ ಬಂದು ವರ್ಷಗಳೇ ಆಗಿದ್ದವು, ಬೊಮ್ಮಾಯಿಯವರ ಕುರ್ಚಿ ಮರಳಿ ಬರಲಿಲ್ಲ. ಕೊಳಗ ಯಾರ ಅಂಗಳದಲ್ಲಿರಬೇಕು ಎಂಬ ಕಾಗೋಡಿನ ತಕರಾರೇ ಇದು. ಇಲ್ಲಿ ಅಳೆಯಬೇಕಾಗಿದ್ದದ್ದು ಭತ್ತವಲ್ಲ, ತಲೆ. ಎಲ್ಲರ ಕಣ್ಣೆದುರು ಅಳೆಯಿರಿ ಎಂದು ಕೋರ್ಟು ಹೇಳಿತು. ಆಮೇಲಿನ ವರ್ಷಗಳಲ್ಲಿ ಶಾಸಕರನ್ನು ಬಸ್ಸಿನಲ್ಲಿ ತುಂಬಿಕೊಂಡು ರೆಸಾರ್ಟಿಗೆ ಒಯ್ಯುವ ಕಲೆ ಬೆಳೆದದ್ದು ಬೇರೆ ಮಾತು. ಕೊಳಗ ಸರಿಹೋದರೆ ಭತ್ತವನ್ನೇ ಬದಲಾಯಿಸಿದರು.

ದೊಡ್ಡ ಸಂಗತಿಗಳಿರಲಿ. ನಮ್ಮಂಥವರಿಗೆ ಪ್ರಭುತ್ವದ ಮುಖ ಕಾಣುವುದು ಕಚೇರಿಯ ಕಿಟಕಿಯಲ್ಲಿ. ಟಾಮ್ ಟೈಲರ್ ಎನ್ನುವವರು ಷಿಕಾಗೊ ನಗರದಲ್ಲಿ 1,575 ಜನರನ್ನು ಮಾತಾಡಿಸಿ, ಜನ ಕಾನೂನು ಪಾಲಿಸುವುದು ಯಾಕೆ ಎಂಬ ಬಗ್ಗೆ 1990ರಲ್ಲಿ ಪುಸ್ತಕ ಬರೆದರು. ಶಿಕ್ಷೆಯ ಭಯಕ್ಕಿಂತ, ತಮ್ಮನ್ನು ನ್ಯಾಯವಾಗಿ ನಡೆಸಿಕೊಂಡರೇ, ತಮ್ಮ ಮಾತನ್ನು ಕಿವಿಗೆ ಹಾಕಿಕೊಂಡರೇ ಎಂಬುದೇ ಹೆಚ್ಚು ತೂಗುತ್ತದೆ ಎನ್ನುವುದು ಅವರು ಕಂಡದ್ದು. ಇದನ್ನು ಓದಿದಾಗ ನನಗೆ ನೆನಪಾದದ್ದು ಅಪ್ಪ ತೀರಿಕೊಂಡ ಮೇಲೆ ಪಹಣಿಯಲ್ಲಿ ಹೆಸರು ತಿದ್ದಿಸಲು ಅಲೆದ ದಿನಗಳು. ಒಂದು ಕಿಟಕಿಯಲ್ಲಿದ್ದವರು ಮೂರು ತಿಂಗಳು "ನಾಳೆ ಬನ್ನಿ" ಎಂದರು. ಯಾಕೆ ಎಂದರೆ ಮುಖವನ್ನೇ ಎತ್ತುತ್ತಿರಲಿಲ್ಲ. ಕೊನೆಗೆ ಆ ಜಾಗಕ್ಕೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಫೈಲು ತೆರೆದು, "ಸಾರ್, ಇದು ಆಗೋದಿಲ್ಲ. ವಂಶವೃಕ್ಷದಲ್ಲಿ ನಿಮ್ಮ ಅತ್ತೆಯವರ ಹೆಸರು ಬಿಟ್ಟಿದೀರ, ನೋಡಿ" ಎಂದು ಬೆರಳಿಟ್ಟು ತೋರಿಸಿದಳು. ಇಬ್ಬರಿಂದಲೂ ನನ್ನ ಕೆಲಸ ಆಗಲಿಲ್ಲ. ಆದರೂ ಆ ದಿನ ನಾನು ಮೆಟ್ಟಿಲಿಳಿದದ್ದು ಸಿಟ್ಟಿನಿಂದಲ್ಲ, ಅತ್ತೆಯ ಹೆಸರು ಬಿಟ್ಟದ್ದಕ್ಕೆ ನನ್ನ ಮೇಲೇ ಬಂದ ನಾಚಿಕೆಯಿಂದ.

ಕೇಳುವ ಹಕ್ಕನ್ನು ಊರಿನ ಮಟ್ಟಕ್ಕೆ ತಂದು ಕೊಟ್ಟದ್ದರಲ್ಲಿ ಕರ್ನಾಟಕ ಹಿಂದೆ ಬಿದ್ದದ್ದಿಲ್ಲ. 1983ರ ಪಂಚಾಯತಿ ಕಾಯ್ದೆಯ ಹಿಂದೆ ಅಬ್ದುಲ್ ನಜೀರ್ ಸಾಬ್ ಇದ್ದರು. ಹಳ್ಳಿಗಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಎನ್ನಿಸಿಕೊಂಡವರು. ಅದರಡಿ 1987ರಲ್ಲಿ ಚುನಾವಣೆ ನಡೆದಾಗ ಕಾಲು ಭಾಗ ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. ಇಡೀ ದೇಶಕ್ಕೆ ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಈಗ ನಮ್ಮಲ್ಲಿ ಅರ್ಧದಷ್ಟು ಸ್ಥಾನ ಅವರದು. ಗ್ರಾಮಸಭೆ ಸೇರಲೇಬೇಕು, ಜಮಾಖರ್ಚು ಓದಲೇಬೇಕು ಎಂದು ಕಾನೂನಿದೆ. 1881ರಲ್ಲಿ ದಿವಾನರ ದೊಡ್ಡ ಮನಸ್ಸಾಗಿದ್ದದ್ದು ಈಗ ಪಂಚಾಯತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮಾಡಲೇಬೇಕಾದ ಕೆಲಸ. ನಡಾವಳಿ ಪುಸ್ತಕದಲ್ಲಿ ಸಹಿಗಳಿರುತ್ತವೆ, ಸಭೆ ನಡೆದಿರುವುದಿಲ್ಲ ಎಂಬುದೂ ಎಲ್ಲರಿಗೂ ಗೊತ್ತು. ಅಧ್ಯಕ್ಷೆಯ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಗಂಡ ಕೂರುವುದು ತೀರ ಮಾಮೂಲು.

ನಾನು ನೋಡಿದ ಒಂದು ಸಭೆಯಲ್ಲಿ ಆ ಪಕ್ಕದ ಕುರ್ಚಿಯವರೇ ಎಲ್ಲಕ್ಕೂ ಉತ್ತರ ಕೊಡುತ್ತಿದ್ದರು. ಹಿಂದಿನ ಸಾಲಿನಲ್ಲಿದ್ದ ಮುದುಕಿಯೊಬ್ಬಳು ಎದ್ದು "ನೀನು ಕುಂತ್ಕೊಳಪ್ಪ, ನಾವು ಓಟಾಕಿದ್ದು ಆಯಮ್ಮನಿಗೆ. ಆಯಮ್ಮ ಹೇಳ್ಲಿ" ಅಂದಳು. ಶಾಮಿಯಾನದ ಕೆಳಗೆ ಒಂದು ನಿಮಿಷ ಯಾರೂ ಉಸಿರೆತ್ತಲಿಲ್ಲ. ಅಧ್ಯಕ್ಷೆ ಸೆರಗು ಸರಿಮಾಡಿಕೊಂಡು, ಕಾಗದ ಕೈಗೆತ್ತಿಕೊಂಡು, ತಡವರಿಸುತ್ತ ಓದತೊಡಗಿದರು. ಚರಂಡಿಯ ಲೆಕ್ಕ, ಬೀದಿದೀಪದ ಲೆಕ್ಕ. ಗಂಡ ಮೊಬೈಲು ನೋಡುತ್ತ ಕೂತ.

ಆ ಮುದುಕಿಯ ಬಾಯಿಂದ ಬಂದ ಮಾತಿನಲ್ಲಿ ವೇಬರನ ಕಾನೂನೂ ಇದೆ, ಅರೆಂಟಳ ಕೂಟವೂ ಇದೆ. ನೀರಗಂಟಿಯ ಮುಂದೆ ಗೌಡರು ಹಿಂದಿರುಗಿದ್ದು ಯಾಕೆ ಎಂಬುದೂ ನನಗೆ ಅಲ್ಲಿ ಅರ್ಧ ತಿಳಿದಂತಾಯಿತು. ಪಾಳಿಯ ಲೆಕ್ಕ ಇಡೀ ಊರಿಗೆ ಬಾಯಿಪಾಠವಾಗಿತ್ತು. ಗೌಡರ ಪಾಳಿ ನಾಡಿದ್ದು ಎಂಬುದು ಗೌಡರಿಗೂ ಗೊತ್ತು, ಕಾಲುವೆಯ ಕೊನೆಯ ಗದ್ದೆಯವನಿಗೂ ಗೊತ್ತು. ನೀರಗಂಟಿ ಒಂದು ದಿನ ತಪ್ಪಿ ನಡೆದರೆ ಸುಗ್ಗಿಯ ಕಣದಲ್ಲಿ ಅವನ ಆಯಕ್ಕೆ ಕೈ ಬೀಳುತ್ತಿತ್ತು. ಎಲ್ಲರೂ ಅವನ ಮಾತು ಕೇಳುತ್ತಿದ್ದರು, ಎಲ್ಲರೂ ಅವನನ್ನು ಕೇಳುತ್ತಲೂ ಇದ್ದರು. ಉಳಿದರ್ಧ ಅಷ್ಟು ಚೆಂದವಲ್ಲ. ತೂಬಿನ ಹತ್ತಿರ ನಡೆದ ಮಾತು ಊರೊಳಗೆ ನಡೆಯದ ಹಾಗೆ ನೋಡಿಕೊಂಡದ್ದರಿಂದಲೇ ಗೌಡರು ತೂಬಿನ ಹತ್ತಿರ ಸೋಲಲು ಒಪ್ಪಿದ್ದಿರಬೇಕು. ಅವನ ಹಕ್ಕಿಗೆ ಕಾಲುವೆಯೇ ಗಡಿ. ಜಗಲಿಯ ಲೆಕ್ಕವನ್ನು ಅವನು ಎಂದೂ ಕೇಳಲಿಲ್ಲ, ಕೇಳುವ ಹಾಗೂ ಇರಲಿಲ್ಲ.

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಕೆರೆಯಲ್ಲಿ ಜಾಲಿ ಬೆಳೆದಿದೆ. ತೂಬಿನ ಕಲ್ಲುಗಳು ಇನ್ನೂ ನಿಂತಿವೆ, ಮೇಲೆ ಯಾರೋ ಬಟ್ಟೆ ಒಣಹಾಕಿದ್ದರು. ಏರಿಯ ಕೆಳಗಿನ ಗದ್ದೆಗಳಲ್ಲಿ ಟೊಮೆಟೊ, ಮೂಲೆಮೂಲೆಗೆ ಒಂದೊಂದು ಬೋರ್‌ವೆಲ್. ಯಾರ ನೀರು ಅವರದು, ಯಾವಾಗ ಬೇಕೋ ಆವಾಗ ಮೋಟಾರು. ನೀರಗಂಟಿಯ ಮೊಮ್ಮಗ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ; ಗೌಡರ ಮೊಮ್ಮಗ ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಹೋದ ವರ್ಷ ಆಳಕ್ಕೆ ಒಂದು ಹೊಸ ಬೋರು ಕೊರೆಸಿದ ಮೇಲೆ ಪಕ್ಕದ ಮೂರು ಬತ್ತಿದವಂತೆ. "ಯಾರೂ ಏನೂ ಕೇಳಲಿಲ್ವಾ?" ಅಂದೆ. ಗೌಡರ ಮೊಮ್ಮಗ ಲೋಟ ಕೆಳಗಿಟ್ಟ. "ಯಾರನ್ನ ಕೇಳೋದು ಮಾಮ?" ಅಂದ.